ನೂರಾ ಎಂಬತ್ತೇಳು ಮೀಟರು

ಸ್ಟೋರಿನಲ್ಲಿ ಕೆಲಸ, ನೆಲದ ಮೇಲೆ, ಎ.ಸಿ. ಕೂಡ ಇದೆ
ಎಂದೇ ಹೇಳಿದ್ದೆ ಮೈಮೂನಾಗೆ.
ಬೆನ್ನ ಹಿಂದಿನ ನೀಲಿ?
ಗೋಡೆಯ ಬಣ್ಣ.
ನಂಬಿದಳು.

ಮುಖ ಮಬ್ಬಾಗದಿರಲೆಂದು ಈ ಸಲ
ಫೈಲು ಮಾಡಿ ಕಳಿಸಿದ್ದೇ ತಪ್ಪಾಯಿತು.
ಮಗಳು ಫೋಟೋ ಮೇಲಕ್ಕೆ ಜಾರಿಸಿದಳಂತೆ,
ಅಡಿಯಿಂದ ಎದ್ದುಬಂತು:
ದೋಹಾ, ವೆಸ್ಟ್ ಬೇ. ಬೆಳಗ್ಗೆ ಐದು ಹತ್ತು.
ಫ್ಲ್ಯಾಶ್ ಉರಿದಿಲ್ಲ.
ಎತ್ತರ ನೂರಾ ಎಂಬತ್ತೇಳು ಮೀಟರು.

"ಉಪ್ಪಾ, ನಮ್ಮ ಮಸೀದಿಯ ಮಿನಾರ ಎಷ್ಟು ಮೀಟರು?"

ತೊಟ್ಟಿಲು ತೂಗುತ್ತಿತ್ತು. ಗಾಜಿನೊಳಗೆ ಯಾರೋ
ಕಾಫಿ ಹೀರುತ್ತಿದ್ದ, ನನ್ನಾಚೆಯ ಕಡಲು ನೋಡುತ್ತ.
ಯಂತ್ರದ ತಪ್ಪು ಮಗಳೇ, ಅಂದೆ.
ಬಕೆಟ್ಟಿನ ನೊರೆ ಹಾರಿ
ಮಾತೂ ಒದ್ದೆ.

ರಾತ್ರಿ ಮೈಮೂನಾಳ ವಾಯ್ಸ್ ಬಂತು, ಏಳು ಸೆಕೆಂಡು.
ಐದು ಬರೀ ಫ್ಯಾನಿನ ಸದ್ದು.
ಆಮೇಲೆ,
"ಇನ್ನು ಕೆಳಗಿಳಿದು ತೆಗೀರಿ."