ಎರಡು ಸಲ ಬೆಂದದ್ದು

ತೇಜು ನದಿಯ ತೆಂಕಣ ದಂಡೆ. ಇಪ್ಪತ್ತೇಳು ಒಲೆ.
ಒಂಬತ್ತನೆಯದು ನನ್ನದು. ಹೆಸರು ಬ್ರಿಯೊಲಾಂಜಾ,
ರಾಜನ ಹಡಗುಗಳಿಗೆ ಬಿಸ್ಕತ್ತು ಸುಡುವವಳು.
ಹಿಟ್ಟು, ನೀರು, ಹೆಸರಿಗಷ್ಟು ಉಪ್ಪು.
ಒಮ್ಮೆ ಬೇಯಿಸಿ, ಆರಿಸಿ, ಮತ್ತೆ ಬೇಯಿಸಬೇಕು,
ಒಳಗಿನ ಕಡೆಯ ಹನಿಯೂ ಹೊರಟುಹೋಗುವ ತನಕ.
ಹಸಿ ಉಳಿದರೆ ಹುಳು. ಹಸಿ ಉಳಿದದ್ದು ದೂರ ಹೋಗದು,
ರೊಟ್ಟಿಯಾಗಲಿ ಮನುಷ್ಯನಾಗಲಿ,
ಎಂದು ನಗುತ್ತಾನೆ ಉಗ್ರಾಣದ ಗುಮಾಸ್ತ.

ಉಳಿದವರು ಮೊಳೆಯಲ್ಲಿ ಚುಚ್ಚುತ್ತಾರೆ, ಆವಿ ಹೋಗಲಿ ಅಂತ.
ನಾನು ಹೆಬ್ಬೆರಳು ಒತ್ತುತ್ತೇನೆ.
ಚಿಕ್ಕಂದಿನಲ್ಲಿ ಕುಡುಗೋಲು ತಾಗಿದ ಬೆರಳು;
ಬಿಲ್ಲೆ ಬಿಲ್ಲೆಯ ನಡುವೆ ಒಂದು ಕುಳಿ,
ಕುಳಿಯಲ್ಲಿ ಒಂದು ಓರೆಗೆರೆ.

ನನ್ನ ತಮ್ಮ ಬೆಲ್ಶಿಯೋರ್. ಹದಿನಾರು ತುಂಬಿತ್ತು.
ಒಲೆಗೆ ಸೌದೆ ಒಟ್ಟುತ್ತಿದ್ದವನು
'ಸಾಂತಾ ಇರಿಯಾ' ಹತ್ತಿದ.
"ನೀನು ಸುಟ್ಟದ್ದನ್ನೇ ತಿನ್ನುತ್ತೇನಲ್ಲ ಅಕ್ಕಾ,
ಮನೆ ಬಿಟ್ಟ ಹಾಗೇನು?"

ಎರಡು ವರುಷ, ಮೇಲೆ ಒಂದು ಚಳಿಗಾಲ.

ಹಡಗು ಬಂತು. ಗಂಟೆ ಹೊಡೆದವು.
ಗಾಳಿಯಲ್ಲೆಲ್ಲ ಮೆಣಸಿನ ಘಾಟು, ಬೀದಿಯ ನಾಯಿಗಳೂ ಸೀನಿದವು.
ಭೂಮಿಯ ಅಂಚು ಇನ್ನೊಂದು ಗೇಣು ಆಚೆ ಸರಿದಿದೆಯಂತೆ,
ಹೊಸ ತೊಗಲಿನ ಮೇಲೆ ಹೊಸ ಗೆರೆ ಎಳೆಯುತ್ತಿದ್ದಾರಂತೆ,
ಮೂರು ನದಿಗೆ, ಒಂದು ದ್ವೀಪಕ್ಕೆ ಕಪ್ತಾನ
ತನ್ನ ಮಕ್ಕಳ ಹೆಸರಿಟ್ಟಿದ್ದಾನಂತೆ.

ನಮ್ಮ ಉಗ್ರಾಣದಲ್ಲಿ ಗುಮಾಸ್ತ ಬರೆದುಕೊಂಡ:
ಉಳಿಕೆ, ಬಿಸ್ಕತ್ತು, ಮೂವತ್ತೊಂದು ಮೂಟೆ.
ಲಾಭವೇ ಆಯಿತು ಎಂದ.
ಮುಂದಿನ ಹಡಗಿಗೆ ಬೆರೆಸಿಬಿಡಿ ಎಂದ.

ನನಗೆ ಓದು ಬಾರದು. ಲೆಕ್ಕ ಬರುತ್ತದೆ.
ಆಳಿಗೆ ದಿನಕ್ಕೆ ನಾಲ್ಕು ಬಿಲ್ಲೆ. ಮೂಟೆಗೆ ನಾನೂರು.
ಒಂದು ಮೂಟೆ ಎಂದರೆ ಒಬ್ಬನ ನೂರು ದಿನ.
ಆ ಭೂಶಿರ ಬಳಸಿ ಊರು ಮುಟ್ಟಲು ನೂರೇ ದಿನ ಹಿಡಿಯಿತು
ಎಂದ, ಬದುಕಿ ಬಂದ ಬಡಗಿ.
ಹಮಾಲರು ಒಂದೊಂದನ್ನೇ ಹೆಗಲ ಮೇಲೆ ಹೊತ್ತು
ಬಾಗಿಲು ದಾಟುತ್ತಿದ್ದರು.
ನಾನು ಎಣಿಸುತ್ತ ನಿಂತೆ. ಯಾವುದು ಅವನು?

ವಸಡು ಊದಿ ಹಲ್ಲಿನ ಮೇಲೆ ಹತ್ತಿತ್ತಂತೆ.
ಕಡಲೆಯೂ ಇತ್ತು, ಹಲ್ಲೂ ಇತ್ತು,
ಹಲ್ಲಿಗೆ ಮಾತ್ರ ಬಾಯೊಳಗೆ ನಿಲ್ಲುವ ಮನಸ್ಸಿರಲಿಲ್ಲ
ಎಂದ ಬಡಗಿ. ನಗಿಸಲು ಹೇಳಿದನೋ ಏನೋ.
ಕಲ್ಲಿನಂತೆ ಸುಟ್ಟವಳು ನಾನು.
ಹಾಗೆ ಸುಡಬೇಕೆಂದೇ ಕೂಲಿ.

ಹನ್ನೊಂದನೆಯ ಮೂಟೆ ಬಿಚ್ಚಿದೆ. ಜರಡಿಯಂತೆ ಹುಳು ಕೊರೆದ ಬಿಲ್ಲೆ,
ಅಂಚಿನಲ್ಲಿ ಕಂದು ಕಲೆ, ಚೀಪಿ ಬಿಟ್ಟ ಗುರುತು.
ನಡುವೆ ಕುಳಿ, ಓರೆಗೆರೆ.
ಲೋಕದ ತುದಿ ನೋಡಿಕೊಂಡು ಬಂದಿತ್ತು ನನ್ನ ಬೆರಳು.

ಹಿಟ್ಟು ನಾದುವ ಗ್ರಾಸಿಯಾ ಅದನ್ನು ಕೈಗೆತ್ತಿಕೊಂಡಳು.
ಗ್ರಾಸಿಯಾ ಪಾದ್ರಿ ಇಟ್ಟದ್ದು; ಅವಳ ಹೆಸರು ಬೇರೆ,
ಕೇಳಿದರೆ ಹೇಳುವುದಿಲ್ಲ.
ಗಿನಿ ತೀರದಿಂದ ತಂದರು, ಆರು ವರುಷವಾಯಿತು.
ಅವಳೂ ಇದೇ ಗುಮಾಸ್ತನ ಪುಸ್ತಕದಲ್ಲಿ ಇದ್ದಾಳೆ,
ಕೊಡಲಿಗಳ ಕೆಳಗೆ, ಹಂಡೆಗಳ ಮೇಲೆ.

ಕುಳಿಯೊಳಗೆ ನಾಲಿಗೆಯ ತುದಿ ಇಟ್ಟಳು.
"ಈ ಗೆರೆ ನನಗೆ ಗೊತ್ತು," ಎಂದಳು.
"ಹಡಗಿನ ಹೊಟ್ಟೆಯಲ್ಲಿ ಬೆಳಕಿರಲಿಲ್ಲ.
ತಿನ್ನಲು ಕೊಟ್ಟದ್ದು ರೊಟ್ಟಿಯೋ ಕಲ್ಲೋ ಎಂದು
ಹೀಗೆ ನೋಡುತ್ತಿದ್ದೆ.
ನಿನ್ನ ಮುಖ ನೋಡುವ ಮೊದಲೇ
ನಿನ್ನ ಬೆರಳು ಗೊತ್ತಿತ್ತು ನನಗೆ."

ಏನು ಹೇಳಲಿ. ಅನ್ನವಿಟ್ಟ ಕೈ ಎನ್ನುತ್ತಾರಲ್ಲ,
ಆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಸೋಮವಾರ ಹೊಸ ಆಜ್ಞೆ ಬಂತು: ಮೂರು ಹಡಗು,
ಈ ಸಲ ಇನ್ನೂ ದೂರ, ಇನ್ನೂ ಗಟ್ಟಿ.
ಒಲೆ ಹೊತ್ತಿಸಿದೆ. ಬೇರೆ ಒಲೆ ಹಿಡಿಯುವಷ್ಟು ಗಂಡಸಲ್ಲ ನಾನು,
ಓಡುವಷ್ಟು ಹುಡುಗಿಯೂ ಅಲ್ಲ.
ಒಂದೇ ಒಂದು ತಟ್ಟೆಯನ್ನು
ಒಂದೇ ಸಲ ಬೇಯಿಸಿ ತೆಗೆದೆ.
ಮೆತ್ತಗೆ, ಬಿಸಿಬಿಸಿ, ನಾಳೆಗೇ ಬೂಸಲು ಹಿಡಿಯುವಂಥದ್ದು,
ನದಿಯನ್ನೂ ದಾಟದು.
ಅಭ್ಯಾಸಬಲ, ಹೆಬ್ಬೆರಳು ಒತ್ತಿಬಿಟ್ಟಿದ್ದೆ.

ಗ್ರಾಸಿಯಾ ಕೂತು ತಿಂದಳು, ಮಾತಾಡದೆ,
ಸುತ್ತಲೂ ಮುರಿದು ಮುರಿದು.
ನಡುವಿನ ಕುಳಿಯಷ್ಟನ್ನು
ಬಾಣಲೆಯ ಪಕ್ಕ ಇಟ್ಟು ಎದ್ದುಹೋದಳು.