ಲೆನ್ಸಿಗೆ ಬೂಷ್ಟು

ಬೆಳಿಗ್ಗೆ ತಾಳಗುಪ್ಪದ ರೈಲು. ಆಮೇಲೆ ಹೊಳೆಬಾಗಿಲು, ಲಾಂಚು.
ರಾತ್ರಿ ಹನ್ನೊಂದಾದರೂ ಮೇಜಿನ ಮೇಲೆ ಮೂರು ಲೆನ್ಸು,
ಚೀಲದಲ್ಲಿ ಜಾಗ ಒಂದಕ್ಕೆ.

ನೆಹರೂ ರಸ್ತೆಯ ರಿಪೇರಿ ಜಬೀವುಲ್ಲ ಹೇಳಿದ್ದ:
‘ಮೂವತ್ತೈದು ಊರು ತೋರಿಸುತ್ತೆ ಸಾರ್,
ತೊಂಬತ್ತು ಮೂಗು.
ಐವತ್ತು, ನೀವು ಕಂಡಷ್ಟೇ. ಅದಕ್ಕೇ ಕಷ್ಟ.’

ತೊಂಬತ್ತು ಹಾಕಿದರೆ ಕಿಂಡಿಯೊಳಗಿನ ಚೌಕ
ಬೆಂಕಿಪೊಟ್ಟಣದಷ್ಟು;
ಹೊಳೆಯೆಲ್ಲ ಹೊರಗೆ.
ಮೂವತ್ತೈದು ಭಾವನದು.
ನೀರಿಗೆ ಬಿದ್ದರೆ ನೆಂಟಸ್ತಿಕೆಯೂ ಮುಳುಗುತ್ತದೆ.

ಐವತ್ತಕ್ಕೆ ಬೂಷ್ಟು.
ಅಕ್ಕಿಡಬ್ಬಿಯಲ್ಲಿಟ್ಟೆ, ಬಿಸಿಲಿಗಿಟ್ಟೆ,
ಟಾರ್ಚು ಬಿಟ್ಟರೆ ಇನ್ನೂ ಅಂಚಿನಲ್ಲಿ ಸಣ್ಣ ಬಿಳಿ ಬೇರು,
ಹೋದ ಆಷಾಢ ಆಗುಂಬೆಯಲ್ಲಿ ಹತ್ತಿಕೊಂಡದ್ದು.

ಅದನ್ನೇ ಸಿಕ್ಕಿಸಿ ಕಣ್ಣಿಟ್ಟೆ.
ಗೋಡೆಯಲ್ಲಿ ಎರಡು ಗಡಿಯಾರ, ಒಂದು ಮಸುಕು.
ಉಂಗುರ ತಿರುವಿದೆ, ಇನ್ನೊಂಚೂರು,
ಒಂದರೊಳಗೊಂದು ಸೇರಿ ಹನ್ನೆರಡಕ್ಕೆ ಹತ್ತು.
ಬೂಷ್ಟು ಕಾಣಲಿಲ್ಲ.
ಕಾಣುವುದೂ ಇಲ್ಲ: ಈ ಕ್ಯಾಮೆರಾದಲ್ಲಿ
ನಾನು ನೋಡುವ ಕಿಂಡಿಯೇ ಬೇರೆ,
ಫಿಲಂ ನೋಡುವ ಗಾಜೇ ಬೇರೆ.

ಹಾಳಾಗಲಿ. ಅದು ಕಂಡದ್ದನ್ನು
ವಾರ ಬಿಟ್ಟು ಹೇಳಲಿ, ತೊಳೆದ ಮೇಲೆ.
ಐವತ್ತನ್ನು ಕಾಲುಚೀಲದಲ್ಲಿ ಸುತ್ತಿ ತುರುಕಿದೆ.
ಒಗೆದದ್ದೋ ಅಲ್ಲವೋ, ಮೂಸಿ ನೋಡಲಿಲ್ಲ.