ಞ

ಯುದ್ಧದ ವರ್ಷ ಬೊಳ್ಳಕುದ್ರಿಗೆ ಪಟ್ಟಾಳ ಬಂತು,
ಕಡಲು ಕಾಯಲಿಕ್ಕೆ.
ಕುದ್ರಿನಲ್ಲಿ ಹೆಂಚು ಹೊದೆಸಿದ್ದು ಶಾಲೆ ಒಂದೇ;
ಅದು ಅವರಿಗಾಯಿತು.
ಕರಿಹಲಗೆ ಅಡುಗೆಮನೆ ಸೇರಿತು. ಬೇಳೆ ಎಷ್ಟು, ಉಪ್ಪೆಷ್ಟು
ಎಂದು ಬಲದಿಂದ ಎಡಕ್ಕೆ ಬರೆದರು.
ಅಕ್ಷರಕ್ಕೂ ಏಡಿಯ ಹಾಗೆ
ಎರಡೂ ಕಡೆಗೆ ನಡೆಯಲು ಬರುತ್ತದೆಂದು
ಕಿಟಕಿಯಲ್ಲಿ ಇಣುಕಿದ ನಮಗೆ ಆಗಲೇ ಗೊತ್ತಾದದ್ದು.

ನಮ್ಮ ಪಾಠ ಕವುಚಿ ಹಾಕಿದ ದೋಣಿಯ ಮೇಲೆ,
ಗೇರೆಣ್ಣೆ ಬಳಿದ ಕಪ್ಪು ಹೊಟ್ಟೆಗೆ ಸುಣ್ಣದ ಕಡ್ಡಿ.
ಕುಞ್ಞಾಮು ಬಲೆಗೆ ಹೊರಟ ದಿನ
ಕಾಗುಣಿತವೂ ನೀರಿಗಿಳಿಯುತ್ತಿತ್ತು.

ಮನೆಯಲ್ಲಿ ತುಳು, ಕಡವಿನಲ್ಲಿ ಮಲೆಯಾಳ,
ಪುಸ್ತಕದಲ್ಲಿ ಕನ್ನಡ. ಈಗ ಬೇಲಿಯಾಚೆಯಿಂದ
ಠಹರೋ, ಜಲ್ದಿ, ಕೌನ್ ಹೈ.
ಅದನ್ನೂ ಆಟಕ್ಕೆ ತಂದೆವು. ಸಿಕ್ಕಿಬಿದ್ದವ ಠಹರೋ.

ಚನಿಯಾರು ಆಟಕ್ಕೆ ಬಂದವಳಲ್ಲ.
ಅಮಾಸೆಯ ಇಳಿತಕ್ಕೆ ಮರುವಾಯಿ ಹೆಕ್ಕಿ
ಸೊಂಟದ ನೀರಿನಲ್ಲಿ ಮರಳುತ್ತಿದ್ದಳು.
ಕತ್ತಲು ಕೇಳಿತು: ಕೌನ್ ಹೈ?
ಯಾನ್, ಅಂದಳು.
ಇನ್ನೊಮ್ಮೆ ಕೇಳಿತು.
ಯಾನ್, ಯಾನ್ ಮಾರಾಯ.
ಅದು ಉತ್ತರವೆಂದು ಕೋವಿ ಹಿಡಿದವನಿಗೆ ತಿಳಿಯಲಿಲ್ಲ.

ಎಡಗೈಯ ಎರಡು ಬೆರಳು ಹೋದವು.
ಮರುದಿನ ಬಂದವನಿಗೆ ಮೀಸೆ ಕೂಡ ಸರಿಯಾಗಿ ಮೂಡಿರಲಿಲ್ಲ.
ಗೋಧಿಹಿಟ್ಟಿನ ಚೀಲ ಜಗಲಿಯಲ್ಲಿಟ್ಟು
ಏನೋ ಹೇಳಿದ, ತುಂಬ ಹೊತ್ತು.
ಆ ಹಿಟ್ಟಿನಿಂದ ಏನು ಮಾಡುವುದೆಂದು ತಿಳಿಯದೆ
ಅವಳ ಮಗಳು ಗಂಜಿ ಕಾಯಿಸಿದಳು. ಅಂಟಾಯಿತು.
ಆ ಮಳೆಗಾಲ ನಮ್ಮ ಪುಸ್ತಕಗಳ ರಟ್ಟು ನಿಂತದ್ದೆಲ್ಲ ಅದರಿಂದಲೇ.

ದೂಮಣ್ಣ ಮಾಸ್ಟ್ರು ಆ ವಾರ ಲೆಕ್ಕ ಬಿಟ್ಟರು.
ದೋಣಿಯ ಮೇಲೆ ಬರೆದರು: ನಾನು.
ಕೆಳಗೆ, ಯಾನ್. ಹಾಂವ್. ಮೈ.
ಆಮೇಲೆ ಕುಞ್ಞಾಮುವನ್ನು ಕರೆದು
ನೀನು ಹೇಗೆ ಹೇಳುತ್ತಿ, ಕೇಳಿದರು.
ಞಾನ್, ಅಂದ, ನಾಚಿ.

ಮಾಸ್ಟ್ರು ಸುಣ್ಣದ ಕಡ್ಡಿ ಎತ್ತಿದವರು ಹಾಗೇ ನಿಂತರು.
ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತ ಅಕ್ಷರ,
ಝ ಆದ ಮೇಲೆ ಮೂಗಿನಲ್ಲೇ ಅಂದು ನಾವು ದಾಟುತ್ತಿದ್ದದ್ದು.
ಅದಕ್ಕೂ ಒಬ್ಬ ಮನುಷ್ಯನಿದ್ದ,
ನಮ್ಮ ಅಕ್ಕಿಯನ್ನು, ಬಸುರಿಯರನ್ನು, ಹೆಣಗಳನ್ನು
ದಾಟಿಸುವವನು.

ಪಟ್ಟಾಳ ಹೋಯಿತು. ಕರಿಹಲಗೆ ಮರಳಿತು,
ಜಿಡ್ಡು ಹಿಡಿದು, ಎಷ್ಟು ತಿಕ್ಕಿದರೂ ಬರೆದದ್ದು ಮೂಡದೆ.
ಈಗ ಮರಿಮಗಳ ಶಾಲೆಗೆ ಕನ್ನಡ ಬಾರದ ಟೀಚರು ಬಂದಿದ್ದಾರಂತೆ.
ಒಳ್ಳೆಯವರು, ಪಾಪ; ಮಕ್ಕಳೇ ಅವರಿಗೆ ಹೇಳಿಕೊಡುತ್ತಾರಂತೆ.

ನನಗೊಂದು ಚಟ ಉಳಿದಿದೆ.
ರಾತ್ರಿ ಬಾಗಿಲಾಚೆಯಿಂದ ಯಾರದು ಅಂದರೆ
ಬೆರಳುಗಳನ್ನು ಮುಷ್ಟಿಯೊಳಗೆ ಮಡಚಿ
ಯಾವ ಮಾತಿನಲ್ಲಿ ಕೇಳಿದರೆಂದು
ಮೊದಲು ನೋಡುತ್ತೇನೆ.